ಅಥ ಶಾಲಾರಂಗಪರಿಕರಮೀಮಾಂಸೆ

ಅಲ್ಪವ್ಯಯದಿಂದ ಮಹಾದೃಶ್ಯವನ್ನು ನಿರ್ಮಿಸುವ ವಿದ್ಯೆಯು ನಮ್ಮ ನಾಡಿನ ಶಾಲೆಗಳಲ್ಲಿ ವಾರ್ಷಿಕೋತ್ಸವಕ್ಕೆ ಹದಿನೈದು ದಿನಗಳಿರುವಾಗ ಉದಯಿಸಿ, ಉತ್ಸವದ ಮರುದಿನ ಅಸ್ತಮಿಸುವ ಸ್ವಭಾವವುಳ್ಳದ್ದಾದರೂ, ಇದನ್ನು ಶಾಸ್ತ್ರದ ಪದವಿಗೇರಿಸಲು ಯಾವ ಆಚಾರ್ಯರೂ ಮನಸ್ಸು ಮಾಡದಿರುವುದು ವಿದ್ವಲ್ಲೋಕಕ್ಕೆ ಭೂಷಣವಲ್ಲ. ಶಾಸ್ತ್ರವೆಂದಮೇಲೆ ಅನುಬಂಧಚತುಷ್ಟಯವಿರತಕ್ಕದ್ದಷ್ಟೆ. ಇಲ್ಲಿ ವಿಷಯವು ಗೀತನಾಟಕದ ರಂಗಪರಿಕರ; ಪ್ರಯೋಜನವು ಶಾಲೆಯ ಬೊಕ್ಕಸದ ರಕ್ಷಣೆ; ಅಧಿಕಾರಿಯು ಡ್ರಾಯಿಂಗ್ ಮೇಷ್ಟರು; ಸಂಬಂಧವಾದರೋ, ಆ ಮೇಷ್ಟರಿಗೂ ಊರಿನ ಮನೆಗಳ ಅಟ್ಟಗಳಿಗೂ ಇರುವಂಥದು.

ಭರತಮುನಿಯು ನಾಟ್ಯಶಾಸ್ತ್ರದ ಆಹಾರ್ಯಾಭಿನಯಾಧ್ಯಾಯದಲ್ಲಿ ಇಂತಹ ಕೃತಕವಸ್ತುಗಳನ್ನು ಪುಸ್ತವೆಂದು ಕರೆದು, ಚಾಪೆ ಬಟ್ಟೆ ಚರ್ಮಗಳನ್ನು ಜೋಡಿಸಿ ಮಾಡಿದುದು ಸಂಧಿಮ, ಯಂತ್ರೋಪಾಯದಿಂದ ಚಲಿಸುವುದು ವ್ಯಾಜಿಮ, ಸುತ್ತಿ ಮಾಡಿದುದು ವೇಷ್ಟಿಮ ಎಂದು ತ್ರಿವಿಧವಾಗಿ ವಿಭಜಿಸಿದ್ದಾನೆ. ಆಯುಧಾಭರಣಗಳು ಭಾರವಾದರೆ ನಟನು ಬಳಲಿ ಮೂರ್ಛೆಹೋಗುವನಾದ್ದರಿಂದ ಅರಗು, ಬಿದಿರು, ಬಟ್ಟೆಗಳಂತಹ ಹಗುರವಾದ ದ್ರವ್ಯಗಳೇ ಪ್ರಶಸ್ತವೆಂಬುದು ಅವನ ಮತ. ಪರಿಕರವು ಹಗುರವಾಗಿರಬೇಕೆಂದನೇ ಹೊರತು ಅಗ್ಗವಾಗಿರಬೇಕೆಂದು ಮುನಿಯು ವಿಧಿಸಲಿಲ್ಲವೆಂದು ಕೆಲವರು ಆಕ್ಷೇಪಿಸುವರು. ಅಂಥವರು ಪ್ರಥಮಾಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಇಂದ್ರಧ್ವಜದ ಉತ್ಸವದಲ್ಲಿ ಮೊದಲ ನಾಟಕವಾದಾಗ ವರುಣನು ಚಿನ್ನದ ಗಿಂಡಿಯನ್ನೂ, ಸೂರ್ಯನು ಛತ್ರವನ್ನೂ, ವಾಯುವು ಬೀಸಣಿಗೆಯನ್ನೂ, ವಿಷ್ಣುವು ಸಿಂಹಾಸನವನ್ನೂ, ಕುಬೇರನು ಕಿರೀಟವನ್ನೂ ಕೊಟ್ಟರಲ್ಲದೆ, ಭರತನು ತನ್ನ ಕೈಯಿಂದ ಒಂದು ಕಾಸನ್ನಾದರೂ ವೆಚ್ಚಮಾಡಿದನೆಂಬ ಪ್ರಮಾಣವು ಎಲ್ಲಿಯೂ ಇಲ್ಲ. ಪ್ರೇಕ್ಷಕರಿಂದಲೇ ಪರಿಕರವನ್ನು ಸಂಪಾದಿಸುವುದು ಈ ಶಾಸ್ತ್ರದ ಮೂಲಸೂತ್ರವೆಂದು ಇದರಿಂದ ಸಿದ್ಧವಾಯಿತು. ಆ ಗಿಂಡಿಯನ್ನು ವರುಣನಿಗೆ ಹಿಂತಿರುಗಿಸಿದರೆಂಬ ಉಲ್ಲೇಖವೂ ಇಲ್ಲವೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡತಕ್ಕದ್ದು.

ಇನ್ನು ಪೂರ್ವಪಕ್ಷ. ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆಕುದುರೆಗಳನ್ನೇ ರಂಗಕ್ಕೆ ತಂದಿತಲ್ಲ, ಶಾಲೆಗಳೇಕೆ ತರಬಾರದು ಎಂದರೆ, ಆನೆಗೆ ಮೇವು ಬೇಕು, ಕುದುರೆಗೆ ಹುರುಳಿ ಬೇಕು, ಎರಡಕ್ಕೂ ಹಾಜರಿ ಪುಸ್ತಕದಲ್ಲಿ ಕಾಲಮಿಲ್ಲ ಎಂಬಿಷ್ಟೇ ಉತ್ತರವು ಸಾಕು.

ಲಕ್ಷ್ಯವಾಗಿ, ಇಲಿಗಳನ್ನು ತುಂಗೆಗೂ ಮಕ್ಕಳನ್ನು ಬೆಟ್ಟದೊಳಕ್ಕೂ ಸೆಳೆದೊಯ್ದ ಜೋಗಿಯ ಕಥೆಯಾದ, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಪರಿಶೀಲಿಸೋಣ. ಇದಕ್ಕೆ ಮೂಲವಾದ, ಬ್ರೌನಿಂಗ್ ಕವಿಯು 1842ರಲ್ಲಿ ಪ್ರಕಟಿಸಿದ ಕವಿತೆಯ ನಾಯಕನು ಕೊಳಲೂದುವವನಾದ್ದರಿಂದ ಆಂಗ್ಲದೇಶದ ಮೇಷ್ಟರು ಒಂದು ಬಿದಿರುಕೋಲಿನಿಂದಲೇ ಕೃತಾರ್ಥರಾಗಬಹುದು. ನಮ್ಮ ಕವಿಯಾದರೋ ಆ ಕೊಳಲನ್ನು ಬದಿಗಿರಿಸಿ ಜೋಗಿಯ ಕೈಗೆ ಕಿಂದರಿಯನ್ನು ಕೊಟ್ಟುದರಿಂದ ಬಿದಿರ ದಂಡ, ತಂತಿ, ಒಣಗಿದ ಸೋರೆಬುರುಡೆ ಇಷ್ಟೂ ಬೇಕಾಯಿತು. ಬುರುಡೆಯು ಒಣಗಲು ತಿಂಗಳುಗಳು ಹಿಡಿಯುವುದರಿಂದಲೂ, ನಾಟಕವನ್ನು ಆರಿಸುವುದು ಕೊನೆಯ ಹದಿನೈದು ದಿನಗಳಲ್ಲಿಯೇ ಆದುದರಿಂದಲೂ, ಹಿತ್ತಲಿನಲ್ಲಿ ಬೀಜಕ್ಕೆಂದು ಸೋರೆಕಾಯಿ ಬಿಟ್ಟುಕೊಂಡಿರುವ ಅಜ್ಜಿಯೊಬ್ಬಳನ್ನು ಪತ್ತೆಹಚ್ಚುವುದೇ ವಾದ್ಯನಿರ್ಮಾಣದ ಪ್ರಥಮ ಸೋಪಾನ.

ಇಲಿಗಳ ವಿಷಯದಲ್ಲಿ ಎರಡು ಪ್ರಸ್ಥಾನಗಳಿವೆ. ಹಾಳೆವಾದಿಗಳು ಅಡಿಕೆಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಮಡಿಸಿ, ಬಾಳೆನಾರಿನಿಂದ ಬಿಗಿದು ಬಿಸಿಲಿಗಿಡುವರು. ಒಣಗಿದ ಬಳಿಕ ಆ ಆಕಾರವು ನಿಲ್ಲುವುದು, ಬಿಗಿದ ನಾರಿನ ತುದಿಯೇ ಬಾಲವಾಗುವುದು. ಮುದ್ದೆವಾದಿಗಳು ಹಳೆಯ ಪತ್ರಿಕೆಗಳನ್ನು ರಾತ್ರಿಯೆಲ್ಲ ನೆನೆಹಾಕಿ, ನೆನೆದ ಮೆಂತ್ಯದೊಡನೆ ಒರಳಿನಲ್ಲಿ ರುಬ್ಬಿ, ಹಿಂದಿನವರು ಮೊರಕ್ಕೆ ಬಳಿಯುತ್ತಿದ್ದ ಆ ಮುದ್ದೆಯಿಂದಲೇ ಮೂಷಕಸೃಷ್ಟಿಯನ್ನು ನಡೆಸುವರು. ಆಧುನಿಕರು ಮೆಂತ್ಯವನ್ನು ತೊರೆದು ಮೈದಾ ಅಂಟನ್ನು ಹಿಡಿದುದರಿಂದ ಶಾಸ್ತ್ರದಲ್ಲಿ ಒಂದು ಘೋರ ವಿಪರ್ಯಾಸವುಂಟಾಯಿತು: ಕೃತಕ ಇಲಿಗಳನ್ನಿರಿಸಿದ ಉಗ್ರಾಣಕ್ಕೆ ರಾತ್ರಿಯಲ್ಲಿ ನಿಜವಾದ ಇಲಿಗಳು ಪ್ರವೇಶಿಸಿ ತಮ್ಮ ಪ್ರತಿಕೃತಿಗಳನ್ನೇ ಭಕ್ಷಿಸತೊಡಗಿದುವು. ಅನುಕರಣವು ಇಷ್ಟು ರುಚಿಸಿದ ದೃಷ್ಟಾಂತವು ಅಲಂಕಾರಶಾಸ್ತ್ರದಲ್ಲಿ ಮತ್ತೊಂದಿರಲಾರದು. ರಟ್ಟುಕಟ್ಟುವವರಂತೆ ಅಂಟಿಗೆ ಮೈಲುತುತ್ತ ಸೇರಿಸೋಣವೆಂದರೆ ಅದು ವಿಷ, ಹಿಡಿಯುವ ಕೈಗಳು ಮಕ್ಕಳವು, ಆದುದರಿಂದ ವರ್ಜ್ಯ. ನಾವು ಹಾಳೆವಾದಿಗಳ ಪಕ್ಷ.

ಬೆಟ್ಟಕ್ಕೆ ಬಿದಿರ ತಟ್ಟಿ, ಅದರ ಮೇಲೆ ಗೋಣಿತಾಟು, ಅದರ ಮೇಲೆ ಕೆಮ್ಮಣ್ಣಿನ ಲೇಪ. ಮಕ್ಕಳನ್ನು ಒಳಗೆ ಸೇರಿಸಿಕೊಳ್ಳಲು ಅದು ಬಿರಿಯಬೇಕಾದ್ದರಿಂದ ಎರಡು ಹೋಳು ಮಾಡಿ ಹುರಿಕಟ್ಟಿ ಎಳೆಯತಕ್ಕದ್ದು. ಇದು ವ್ಯಾಜಿಮ. ಬೊಮ್ಮನಹಳ್ಳಿಯ ಗೌಡನ ಪೇಟದ ಹೊಳಪಿಗೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವು ಯಥೇಷ್ಟ. ಆ ಪೊಟ್ಟಣಗಳು ಅಧ್ಯಾಪಕರ ಕೊಠಡಿಯ ಹಿಂಬದಿಯಲ್ಲಿಯೇ ಸಮೃದ್ಧವಾಗಿ ದೊರೆಯುವುದೇಕೆಂಬ ಜಿಜ್ಞಾಸೆಯು ಪ್ರಕೃತ ಗ್ರಂಥದ ವ್ಯಾಪ್ತಿಗೆ ಸೇರಿದುದಲ್ಲ.

ಉಳಿದುದು ನದಿ. ತುಂಗೆಯು ನೀಲಿ ಸೀರೆಯಿಂದಲೇ ಆಗಬೇಕೆಂಬುದರಲ್ಲಿ ಸರ್ವಾಚಾರ್ಯರಿಗೂ ಏಕಾಭಿಪ್ರಾಯವಿದೆ. ರಂಗದ ಅಗಲವು 24 ಅಡಿಯಾದಲ್ಲಿ 12 ಮೊಳದ ಸೀರೆಯು ಆರಡಿ ಕಡಿಮೆಬಿದ್ದು ನದಿಯು ನಡುದಾರಿಯಲ್ಲಿಯೇ ಬತ್ತುವುದು. 18 ಮೊಳದ ಸೀರೆಯಾದರೆ ಎರಡು ಬದಿಯ ಬಾಲಕರ ಮುಷ್ಟಿಗೂ ಮಿಕ್ಕಿ ಹರಿಯುವುದು. ಮೂರನೆಯ ಪುಸ್ತವನ್ನು ಕೆಲವರು ವೇಷ್ಟಿಮವೆಂದೂ ಕೆಲವರು ಚೇಷ್ಟಿಮವೆಂದೂ ಓದುವರಲ್ಲವೆ? ಸೀರೆಯು ತಾಯಿಯ ಮೈಮೇಲೆ ಸುತ್ತಿಕೊಂಡಿರುವಾಗ ಮೊದಲನೆಯದೂ, ಬಾಲಕರು ಅಲುಗಾಡಿಸಿ ತೆರೆಯೆಬ್ಬಿಸುವಾಗ ಎರಡನೆಯದೂ ಆಗಿ, ಪಂಡಿತರ ಪಾಠಭೇದವನ್ನು ಈ ಒಂದು ವಸ್ತ್ರವು ಪರಿಹರಿಸಿದೆ.

ಆದರೆ ಶಾಸ್ತ್ರದ ಕ್ಲಿಷ್ಟಭಾಗವೂ ಇಲ್ಲಿಯೇ ಇದೆ. ಅಭಿನವಗುಪ್ತಪಾದರು ರಸಕ್ಕೆ ಏಳು ವಿಘ್ನಗಳನ್ನು ಹೇಳುತ್ತ, ಪ್ರೇಕ್ಷಕನು ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಮೂರನೆಯ ಸಾಲಿನಲ್ಲಿ ಕುಳಿತ ತಾಯಿಯು, ಇಲಿಗಳು ತುಂಗೆಯಲ್ಲಿ ಮುಳುಗುವ ಕರುಣಾದ್ಭುತ ಮುಹೂರ್ತದಲ್ಲಿ, “ಅಯ್ಯೋ, ಅದು ನನ್ನ ಸೀಮಂತದ ಸೀರೆ ಕಣ್ರೀ, ತುಳೀಬೇಡ್ರೋ!” ಎಂದು ಉದ್ಗರಿಸಿದರೆ ಅದು ಆ ವಿಘ್ನವಲ್ಲದೆ ಮತ್ತೇನು? ನಮ್ಮ ಸಿದ್ಧಾಂತವು ಇದಕ್ಕೆ ವಿರುದ್ಧವಾಗಿದೆ. ಪ್ರತ್ಯಭಿಜ್ಞಾದರ್ಶನಕ್ಕೆ ವ್ಯಾಖ್ಯಾನ ಬರೆದವರೂ ಆ ಅಭಿನವಗುಪ್ತರೇ. ತನ್ನದೆಂದು ಗುರುತಿಸುವುದರಲ್ಲಿ ಒಂದು ಆನಂದವಿದೆಯೆಂದು ಅವರು ಬಲ್ಲರು. ಬಾಡಿಗೆಗೆ ತಂದ ರೇಶಿಮೆಯ ಪರದೆಯನ್ನು ಕಂಡು ಯಾವ ತಾಯಿಯೂ ಕುರ್ಚಿಯಿಂದೆದ್ದುದಿಲ್ಲ. ತನ್ನ ಸೀರೆ ನದಿಯಾದುದನ್ನೂ, ತನ್ನ ಮಗ ಅದರಲ್ಲಿ ಬಾಲವಲ್ಲಾಡಿಸುತ್ತ ಮುಳುಗಿದುದನ್ನೂ ಏಕಕಾಲದಲ್ಲಿ ಕಂಡವಳು ಮಾತ್ರ ಎದ್ದುನಿಂತು ಕೂಗುವಳು, ಮರುಕ್ಷಣವೇ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟುವಳು. ಇದನ್ನು ವಿಘ್ನವೆನ್ನುವುದಕ್ಕಿಂತ ಹತ್ತನೆಯ ರಸವೆನ್ನುವುದೇ ನ್ಯಾಯವೆಂದು ನಮ್ಮ ನಿರ್ಣಯ.

ಆದಕಾರಣ ಗೃಹಿಣಿಯರಲ್ಲಿ ಬಿನ್ನಹ: ಮೇಷ್ಟರು ಸೀರೆಯನ್ನು ಬೇಡಿ ಬಾಗಿಲಿಗೆ ಬಂದಾಗ ಧಾರಾಳವಾಗಿ ಕೊಡಿರಿ; ಜರಿಯಂಚಿಲ್ಲದುದನ್ನೇ ಕೊಡಿರಿ; ವರುಣನ ಗಿಂಡಿಯ ಗತಿಯನ್ನು ನೆನೆದು, ಸೆರಗಿನ ಮೂಲೆಯಲ್ಲಿ ಕೆಂಪುದಾರದಿಂದ ನಿಮ್ಮ ಹೆಸರನ್ನು ಹೊಲಿದು ಕೊಡಿರಿ.