ಫೈರ್‌ವಾಲ್ ಆಫ್ ಮಾಡಿರೆಂದ ಪಂಡಿತರಿಗೊಂದು ಬಹಿರಂಗ ಪತ್ರ

ನಿಗಾ ಸಾಫ್ಟ್‌ವೇರುಗಳ ಅನುಸ್ಥಾಪನಾ ಕೈಪಿಡಿಗಳನ್ನು ರಚಿಸುವ ಮಹನೀಯರಿಗೆ, ಕಚೇರಿಯೊಂದರ ಸರ್ವರುಗಳನ್ನು ಕಾಯುವ ಉದ್ಯೋಗದಲ್ಲಿರುವವನ ಸವಿನಯ ವಂದನೆಗಳು.

ಮಾನ್ಯರೇ,

ಬ್ರಹ್ಮಸೂತ್ರಗಳೆಂಬ ಒಂದೇ ಗ್ರಂಥವನ್ನು ಮುಂದಿಟ್ಟುಕೊಂಡು ಶಂಕರರು ಒಂದು ಬಗೆಯಾಗಿಯೂ, ರಾಮಾನುಜರು ಇನ್ನೊಂದು ಬಗೆಯಾಗಿಯೂ, ಮಧ್ವರು ಆ ಎರಡನ್ನೂ ಒಪ್ಪದೆ ಮತ್ತೊಂದು ಬಗೆಯಾಗಿಯೂ ಭಾಷ್ಯಗಳನ್ನು ರಚಿಸಿ, ಮುಂದಿನ ಶತಮಾನಗಳ ವಿದ್ವಾಂಸರಿಗೆ ವಾದಕ್ಕೆ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸಿಹೋದ ದೇಶದಲ್ಲಿ ಹುಟ್ಟಿದ ನನಗೆ, ಬೇರೆ ಬೇರೆ ದೇಶಗಳಲ್ಲಿ ಕುಳಿತು, ಒಬ್ಬರ ಮುಖವನ್ನೊಬ್ಬರು ಕಾಣದೆ ಬರೆಯುವ ತಮ್ಮಲ್ಲಿ ಬಹುಮಂದಿ ಮೂರು ಸೂತ್ರಗಳ ವಿಷಯದಲ್ಲಿ ಸಾಧಿಸಿರುವ ಐಕಮತ್ಯವು ಆಶ್ಚರ್ಯವನ್ನೂ ಅದರೊಡನೆ ತುಸು ಭಯವನ್ನೂ ಉಂಟುಮಾಡಿದೆ. ಸಾಫ್ಟ್‌ವೇರು ಕೆಲಸ ಮಾಡದಿದ್ದಲ್ಲಿ ಫೈರ್‌ವಾಲನ್ನು ತಾತ್ಕಾಲಿಕವಾಗಿ ಆಫ್ ಮಾಡಿರಿ. ನಮ್ಮ ಫೋಲ್ಡರನ್ನು ಆಂಟಿವೈರಸ್ಸಿನ ತಪಾಸಣೆಯಿಂದ ಹೊರಗಿಡಿರಿ. ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡನ್ನು ಇಲ್ಲಿ ನಮೂದಿಸಿರಿ. ಇಷ್ಟು ಅಲ್ಪಾಕ್ಷರಗಳಲ್ಲಿ ಇಷ್ಟು ದೊಡ್ಡ ಅನರ್ಥವನ್ನು ಅಡಗಿಸುವ ಕೌಶಲ ಬ್ರಹ್ಮಸೂತ್ರಗಳ ಕರ್ತೃವಾದ ಬಾದರಾಯಣರಿಗೂ ಇರಲಿಲ್ಲವಾದುದರಿಂದ, ಈ ತ್ರಿಸೂತ್ರಿಗೆ ಒಂದು ಕಿರಿಯ ಭಾಷ್ಯವನ್ನು ಬರೆಯುವ ಸಾಹಸಕ್ಕೆ ಕೈಹಾಕಿದ್ದೇನೆ.

ಪ್ರಥಮ ಸೂತ್ರದ ಗಾಂಭೀರ್ಯವನ್ನು ಅರಿಯಬೇಕಾದರೆ ಅಂಕಿಗಳನ್ನು ನೋಡಬೇಕು. ಒಂದು ಯಂತ್ರಕ್ಕೆ ಟಿಸಿಪಿಯಲ್ಲಿ 65,535 ಪೋರ್ಟುಗಳುಂಟು, ಯುಡಿಪಿಯಲ್ಲಿಯೂ ಅಷ್ಟೇ. ಝಾಬಿಕ್ಸ್ ಎಂಬ ನಿಗಾ ಸಾಫ್ಟ್‌ವೇರಿನ ಏಜೆಂಟು ಇವುಗಳಲ್ಲಿ 10050 ಎಂಬ ಒಂದರಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ಅಂಥದೇ ಇನ್ನೊಂದಾದ ನಾಗಿಯೋಸ್ ಬಳಗದ ಎನ್‌ಆರ್‌ಪಿಇಗೆ 5666 ಸಾಕು. ಸ್ವಿಚ್ಚು, ರೂಟರು, ಪ್ರಿಂಟರುಗಳ ಯೋಗಕ್ಷೇಮವನ್ನು ವಿಚಾರಿಸುವ ಎಸ್‌ಎನ್‌ಎಂಪಿ ಯುಡಿಪಿ 161ರಲ್ಲಿ ಪ್ರಶ್ನೆ ಕೇಳಿ, ಅವು ತಾವಾಗಿಯೇ ಕಳುಹಿಸುವ ದೂರುಗಳನ್ನು 162ರಲ್ಲಿ ಸ್ವೀಕರಿಸುತ್ತದೆ. ಇವನ್ನಾದರೂ ಊರಿಗೆಲ್ಲ ತೆರೆಯಬೇಕಾಗಿಲ್ಲ; ನಿಗಾ ಸರ್ವರಿನ ಒಂದು ಐಪಿ ವಿಳಾಸಕ್ಕೆ ಮಾತ್ರ ತೆರೆದರಾಯಿತು. ಝಾಬಿಕ್ಸ್ ಏಜೆಂಟನ್ನು ಕೇವಲ ಆಕ್ಟಿವ್ ವಿಧಾನದಲ್ಲಿ ನಿಲ್ಲಿಸಿದರೆ, ಅದು ತಾನೇ ಸರ್ವರಿನ 10051ನೆಯ ಪೋರ್ಟಿಗೆ ಹೋಗಿ ಲೆಕ್ಕ ಒಪ್ಪಿಸಿ ಬರುವುದರಿಂದ, ಯಂತ್ರದ ಕಡೆಗೆ ಒಳಬರುವ ದಾರಿಯೊಂದೂ ಅದಕ್ಕೆ ಬೇಕಾಗದು. ಹೀಗಿರುವಲ್ಲಿ, ಒಂದು ಸಂಖ್ಯೆಯನ್ನು ಮುದ್ರಿಸುವ ಶ್ರಮವನ್ನು ಉಳಿಸಿಕೊಳ್ಳುವುದಕ್ಕಾಗಿ ಫೈರ್‌ವಾಲನ್ನೇ ಆರಿಸಿಬಿಡಿರೆಂಬ ತಮ್ಮ ವಿಧಿಯು, ವಿದ್ಯುತ್ ಮೀಟರು ನೋಡಲು ಬಂದವನು ಬಾಗಿಲ ಕದವನ್ನೇ ಕಳಚಿಡಿರೆಂದು ಮನೆಯೊಡತಿಗೆ ಅಪ್ಪಣೆ ಮಾಡಿದಂತಾಗುತ್ತದೆ. ಮೀಟರಿನವನಿಗೆ ಆಕೆ ತಕ್ಕ ಉತ್ತರವನ್ನು ಕೊಟ್ಟಾಳು. ಪಿಡಿಎಫ್ ಕಡತದೊಡನೆ ವಾದಿಸಲು ನಮಗೆ ಅನುಕೂಲವಿಲ್ಲ.

ವಿಂಡೋಸ್ ಯಂತ್ರಗಳ ಸ್ಥಿತಿಯನ್ನು ದೂರದಿಂದ ಓದುವ ಡಬ್ಲ್ಯುಎಂಐ ಮಾರ್ಗ ನಿಜವಾಗಿಯೂ ತೊಡಕಿನದೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಲೇಬೇಕು. ಮಾತುಕತೆ 135ರಲ್ಲಿ ಆರಂಭವಾಗಿ, ಬಳಿಕ 49152ರಿಂದ 65535ರವರೆಗಿನ ವಿಸ್ತಾರದಲ್ಲಿ ಆ ಹೊತ್ತಿಗೆ ಸಿಕ್ಕ ಪೋರ್ಟಿಗೆ ವರ್ಗಾವಣೆಯಾಗುವುದರಿಂದ, ಇಂಥದೇ ಸಂಖ್ಯೆಯೆಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಆದರೆ ವಿಂಡೋಸ್ ಫೈರ್‌ವಾಲಿನ ಒಳಗೆ ಈ ಪ್ರಯೋಜನಕ್ಕೆಂದೇ ಡಬ್ಲ್ಯುಎಂಐ ಎಂಬ ಹೆಸರಿನ ಸಿದ್ಧ ನಿಯಮಗಳ ಗುಂಪೊಂದುಂಟು. ಅದನ್ನು ಎನೇಬಲ್ ಮಾಡಿ, ರಿಮೋಟ್ ಅಡ್ರೆಸ್ ಎಂಬಲ್ಲಿ ನಿಗಾ ಸರ್ವರಿನ ವಿಳಾಸವನ್ನು ತುಂಬಿದರೆ ಕಾರ್ಯ ಮುಗಿಯಿತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ಇದೇ 135ನೆಯ ಪೋರ್ಟಿನ ಮೂಲಕ ಲೋಕಸಂಚಾರ ಕೈಗೊಂಡುದನ್ನೂ, ಮರುವರ್ಷ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಡನೆ ಮೈಕ್ರೋಸಾಫ್ಟು ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿ ಕಳುಹಿಸಲಾರಂಭಿಸಿದುದನ್ನೂ ಬಲ್ಲ ತಾವು, ಆ ಪಾಠವನ್ನು ಆಫ್ ಎಂಬ ಒಂದೇ ಗುಂಡಿಯಿಂದ ಅಳಿಸಹೊರಟಿರುವುದು ವಿಸ್ಮಯಕರ.

ತಾತ್ಕಾಲಿಕವೆಂದು ತಾವು ಹೇಳಿದುದು ಕಚೇರಿಗಳಲ್ಲಿ ಎಂಥ ದೀರ್ಘಾಯುಷ್ಯವನ್ನು ಪಡೆಯುತ್ತದೆಂಬುದನ್ನು ಕಾಣಬೇಕಾದರೆ, ಹಳೆಯ ಸರ್ವರೊಂದರ ಇನ್‌ಬೌಂಡ್ ನಿಯಮಗಳ ಪಟ್ಟಿಯನ್ನು ತೆರೆದು ನೋಡುವ ಕೃಪೆ ಮಾಡಬೇಕು. ಮೇಲ್ಭಾಗದಲ್ಲಿ ‘ಟೆಸ್ಟ್’, ಅದರ ಕೆಳಗೆ ‘ಟೆಸ್ಟ್ ಟೂ’, ಅದಕ್ಕೂ ಕೆಳಗೆ, ಯಾರೋ ಮಹಾನುಭಾವರು ದಸ್ತಾವೇಜಿನ ಗಾಂಭೀರ್ಯದಿಂದ ಬರೆದಿಟ್ಟ ‘ಟೆಂಪರರಿ, ಡೋಂಟ್ ಡಿಲೀಟ್’. ಮೂರಕ್ಕೂ ಪ್ರೋಟೋಕಾಲ್ ಎನಿ, ಪೋರ್ಟ್ ಎನಿ, ವಿಳಾಸ ಎನಿ. ಮೂರರ ಪಕ್ಕದಲ್ಲಿಯೂ ಹಸಿರು ಗುರುತು. ಬರೆದಾತ ಕೆಲಸ ಬಿಟ್ಟು ಹೋಗಿದ್ದಾನೆ. ಯಾವ ಸಾಫ್ಟ್‌ವೇರಿಗಾಗಿ ಬರೆದನೋ ಅದರ ಲೈಸೆನ್ಸೂ ತೀರಿಹೋಗಿದೆ. ನಿಯಮಗಳು ಮಾತ್ರ ಶಿಲಾಶಾಸನಗಳಾಗಿ ಉಳಿದಿವೆ, ಏಕೆಂದರೆ ಅಳಿಸಿದರೆ ಏನು ನಿಂತುಹೋದೀತೋ ಎಂಬುದನ್ನು ಹೇಳಬಲ್ಲವರು ಯಾರೂ ಇಲ್ಲ.

ದ್ವಿತೀಯ ಸೂತ್ರಕ್ಕೆ ಇತಿಹಾಸವೇ ಭಾಷ್ಯವನ್ನು ಬರೆದಿರುವುದರಿಂದ ನನ್ನ ಕೆಲಸ ಹಗುರವಾಗಿದೆ. ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಎಂಬ ನಿಗಾ ಸಾಫ್ಟ್‌ವೇರು ತನ್ನ ಫೋಲ್ಡರುಗಳನ್ನು ಆಂಟಿವೈರಸ್ಸಿನಿಂದ ಹೊರಗಿಡುವಂತೆ ಬಳಕೆದಾರರಿಗೆ ಸಲಹೆ ಕೊಡುತ್ತಿತ್ತು; 2020ರ ಮಾರ್ಚಿನಿಂದ ಮುಂದಿನ ಕೆಲವು ತಿಂಗಳು, ಕಂಪನಿಯದೇ ಅಧಿಕೃತ ಡಿಜಿಟಲ್ ಸಹಿಯನ್ನು ಹೊತ್ತ ಅಪ್‌ಡೇಟಿನೊಳಗೆ ಕಳ್ಳರು ಇಟ್ಟ ಹಿಂಬಾಗಿಲು ಸುಮಾರು 18,000 ಗ್ರಾಹಕರ ಬಳಿಗೆ ಕ್ರಮಬದ್ಧವಾಗಿ ತಲಪಿ, ಅಮೆರಿಕದ ಖಜಾನೆ ಇಲಾಖೆಯವರೆಗೂ ಹೋಯಿತು; ಡಿಸೆಂಬರಿನಲ್ಲಿ ಫೈರ್‌ಐ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲಿಗೆಳೆಯುವವರೆಗೆ ಲೋಕಕ್ಕೆ ಇದು ತಿಳಿಯಲಿಲ್ಲ. ಮರುವರ್ಷ ಜುಲೈ 2ರಂದು ಕಸೇಯ ಕಂಪನಿಯ ವಿಎಸ್‌ಎ ಎಂಬ, ದೂರದಿಂದಲೇ ಯಂತ್ರಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರಿನ ಮೂಲಕ ರ‍್ಯಾನ್ಸಮ್‌ವೇರ್ ಹರಡಿದಾಗಲೂ, ತಪಾಸಣೆಯಿಂದ ವಿನಾಯಿತಿ ಪಡೆದ ಫೋಲ್ಡರೇ ಅದಕ್ಕೆ ಛತ್ರವಾಯಿತು. ಅದರ ಫಲವಾಗಿ ಸ್ವೀಡನ್ನಿನ ಕೂಪ್ ದಿನಸಿ ಅಂಗಡಿಗಳು ನೂರಾರು ಸಂಖ್ಯೆಯಲ್ಲಿ ಕದ ಮುಚ್ಚಿದವು. ಕಾವಲುಗಾರನನ್ನು ಯಾರೂ ಶೋಧಿಸಕೂಡದೆಂಬ ನಿಯಮವನ್ನು ಕಾವಲುಗಾರನೇ ಮಾಡಿದಲ್ಲಿ, ಕಳ್ಳನು ಕಾವಲುಗಾರನ ವೇಷದಲ್ಲಿ ಬರುತ್ತಾನೆ. ಇದು ತರ್ಕಶಾಸ್ತ್ರವನ್ನು ಓದಿರದ ಕಳ್ಳನಿಗೂ ಹೊಳೆಯುವ ಮಾತು. ಇನ್ನೊಂದು ವಿಷಯವೂ ಸ್ಮರಣಾರ್ಹವಾಗಿದೆ: ಒರಾಯನ್ ಸರ್ವರಿನಿಂದ ಹೊರಗಿನ ಇಂಟರ್‌ನೆಟ್ಟಿಗೆ ಹೋಗುವ ಸಂಪರ್ಕಗಳನ್ನು ಫೈರ್‌ವಾಲು ತಡೆದಿದ್ದರೆ ಆ ಹಿಂಬಾಗಿಲು ನಿಷ್ಫಲವಾಗುತ್ತಿತ್ತೆಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯಾದ ಸಿಸಾ 2021ರಲ್ಲಿ ಸೆನೆಟರ್ ರಾನ್ ವೈಡನ್ ಅವರ ಪ್ರಶ್ನೆಗೆ ಉತ್ತರಿಸುತ್ತ ಒಪ್ಪಿಕೊಂಡಿತು.

ತೃತೀಯ ಸೂತ್ರವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ಓದುವುದಕ್ಕೆ ಇಡೀ ಡೊಮೈನಿನ ಸಾರ್ವಭೌಮತ್ವ ಬೇಕಾಗದು. ಪರ್ಫಾರ್ಮೆನ್ಸ್ ಮಾನಿಟರ್ ಯೂಸರ್ಸ್, ಡಿಸ್ಟ್ರಿಬ್ಯೂಟೆಡ್ ಕಾಮ್ ಯೂಸರ್ಸ್ ಎಂಬ ಗುಂಪುಗಳ ಸದಸ್ಯತ್ವವೂ, ಡಬ್ಲ್ಯುಎಂಐಯಲ್ಲಿ ದೂರದಿಂದ ಓದುವ ಅನುಮತಿಯೂ ಉಳ್ಳ ಬಡ ಖಾತೆಯೊಂದು ಈ ಕೆಲಸವನ್ನು ಬಹುಮಟ್ಟಿಗೆ ನೆರವೇರಿಸುತ್ತದೆ. ಸರ್ವಾಧಿಕಾರವುಳ್ಳ ಪಾಸ್‌ವರ್ಡನ್ನು ನಿಗಾ ಸರ್ವರಿನಲ್ಲಿ ಕೂಡಿಟ್ಟರೆ, ಆ ಒಂದು ಯಂತ್ರವನ್ನು ಗೆದ್ದವನಿಗೆ ಉಳಿದವನ್ನು ಗೆಲ್ಲುವ ತೊಂದರೆಯೂ ತಪ್ಪುತ್ತದೆ.

ತಪ್ಪೆಲ್ಲವನ್ನೂ ತಮ್ಮ ತಲೆಗೇ ಕಟ್ಟುವಷ್ಟು ಕೃತಘ್ನನು ನಾನಲ್ಲ. ಸಂಜೆಯೊಳಗೆ ಪರದೆಯೆಲ್ಲ ಹಸಿರಾಗಬೇಕೆಂದು ಆಜ್ಞಾಪಿಸುವ ಮೇಲಧಿಕಾರಿಗಳೂ, ಹೇಗೆ ಹಸಿರಾಯಿತೆಂದು ಕೇಳದೆ ಶಾಬಾಸ್ ಎನ್ನುವ ಲೆಕ್ಕಪರಿಶೋಧಕರೂ, ಎಸ್‌ಎನ್‌ಎಂಪಿಯ ಗುಟ್ಟಿನ ಪದವು ‘ಪಬ್ಲಿಕ್’ ಎಂದೇ ಇದ್ದು, ಅದೂ ಬರಿಮೈಯಲ್ಲಿ ತಂತಿಯ ಮೇಲೆ ಓಡಾಡುತ್ತಿದ್ದರೂ, 2002ರಲ್ಲಿಯೇ ಪ್ರಮಾಣವೆಂದು ಅಂಗೀಕೃತವಾದ ಮೂರನೆಯ ಆವೃತ್ತಿಗೆ ದಾಟಲು ಆಲಸ್ಯಪಡುವ ನನ್ನ ವೃತ್ತಿಬಾಂಧವರೂ ಈ ಪುಣ್ಯದಲ್ಲಿ ಪಾಲುಗಾರರು. ಆದರೆ ಫಲದ ಹಂಚಿಕೆಯಲ್ಲಿ ಸಮಾನತೆಯಿಲ್ಲ. ಭಾರತದಲ್ಲಿ ಸರಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶದಂತೆ ಇಂಥ ಆಕ್ರಮಣ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿಯೊಪ್ಪಿಸಬೇಕು, 180 ದಿನಗಳ ಲಾಗುಗಳನ್ನು ಕಾಪಾಡಿರಬೇಕು. ಆ ಆರು ಗಂಟೆಗಳು ನಮ್ಮವು, ಸೂತ್ರಗಳು ತಮ್ಮವು.

ಆದುದರಿಂದ ನನ್ನ ಪ್ರಾರ್ಥನೆ ಅತ್ಯಲ್ಪವಾದುದು. ಯಾವ ಪೋರ್ಟು, ಯಾವ ದಿಕ್ಕು, ಯಾರಿಂದ ಯಾರಿಗೆ, ಯಾವ ಖಾತೆಗೆ ಎಷ್ಟು ಅಧಿಕಾರ ಎಂಬ ನಾಲ್ಕು ಕಾಲಮುಗಳ ಕೋಷ್ಟಕವನ್ನು ಮುದ್ರಿಸಿದರೆ ಪರಮಸಂತೋಷ. ಈಗಾಗಲೇ ಹಾಗೆ ಮುದ್ರಿಸುತ್ತಿರುವ ಸಜ್ಜನರಿಗೆ ಈ ಪತ್ರವು ಅನ್ವಯಿಸದು. ಅದು ಅಸಾಧ್ಯವೆಂದಾದರೆ, ಆಫ್ ಮಾಡಿರೆಂದು ಬರೆದ ಪುಟದ ಮುಂದಿನ ಯಾವ ಪುಟದಲ್ಲಿಯೂ ನನ್ನ ಕಣ್ಣಿಗೆ ಬೀಳದಿರುವ ಒಂದು ವಾಕ್ಯವನ್ನು ಸೇರಿಸಿದರೂ ಸಾಕು: ‘ಈಗ ಫೈರ್‌ವಾಲನ್ನು ಮತ್ತೆ ಆನ್ ಮಾಡಿರಿ, ತಡೆದ ಪ್ಯಾಕೆಟ್ಟುಗಳನ್ನು ಲಾಗಿನಲ್ಲಿ ಬರೆಯುವಂತೆ ಆಜ್ಞಾಪಿಸಿರಿ.’ ಆ ಬಳಿಕ ತಮ್ಮ ಸಾಫ್ಟ್‌ವೇರು ಮೂಕವಾದರೆ ಚಿಂತೆಯಿಲ್ಲ. ದಿನಾಂಕ, ಸಮಯ, ಡ್ರಾಪ್ ಎಂಬ ತೀರ್ಪು, ಬಂದವನ ವಿಳಾಸ, ಅವನು ತಟ್ಟಿದ ಪೋರ್ಟಿನ ಸಂಖ್ಯೆ ಇಷ್ಟನ್ನೂ ಆ ಫೈರ್‌ವಾಲೇ ಒಂದು ಸಾಲಿನಲ್ಲಿ ಬರೆದಿಡುತ್ತದೆ. ತಾವು ಬರೆಯಬೇಕಾಗಿದ್ದ ಕೈಪಿಡಿಯನ್ನು ನಾವು ಅದರಿಂದಲೇ ಓದಿಕೊಳ್ಳುತ್ತೇವೆ.

ಇತಿ,
ತಮ್ಮ ಸೂತ್ರಗಳನ್ನು ಪಾಲಿಸಲೊಲ್ಲದ,
ಸರ್ವರ್ ಕೋಣೆಯ ವಿಧೇಯ ಸೇವಕ