ಬೋರ್ಡೋ ಯಾತ್ರಾಕಥನದ ಮೂರು ಪಾಠಗಳು: ಒಂದು ಗ್ರಂಥಸಂಪಾದನಾ ಸಾಹಸ

ಗ್ರಂಥಸಂಪಾದನೆಗೆ ತಾಳೆಗರಿಯೇ ಬೇಕು ಎಂದು ನಂಬಿದವರಿಗೆ ಈ ಪ್ರಬಂಧ ರುಚಿಸಲಿಕ್ಕಿಲ್ಲ. ಇಲ್ಲಿ ಸಂಪಾದನೆಗೊಳ್ಳುತ್ತಿರುವ ಕೃತಿ ಇನ್ನೂ ಬಾಯಲ್ಲಿದೆ. ಕರ್ತೃವೂ ಬದುಕಿದ್ದಾನೆ, ಅದೇ ದೊಡ್ಡ ತೊಡಕು. ಸತ್ತ ಕವಿ ಪಾಠ ಬದಲಿಸುವುದಿಲ್ಲ.

ಕರ್ತೃ ನನ್ನ ಅಕ್ಕನ ಮಗ. ದೇಶ: ಸಿದ್ದಾಪುರ ತಾಲೂಕು. ಕಾಲ: ವಯಸ್ಸು ಇಪ್ಪತ್ತಾರು. ಬೆಂಗಳೂರಿನ ಕಂಪನಿಯ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದವನು, ರಜೆ ಸಿಕ್ಕಿತೆಂದು ನಾಲ್ಕು ದಿನ ಬೋರ್ಡೋ ಎಂಬ ಪಟ್ಟಣ ನೋಡಿ ಬಂದ. ಊರಿಗೆ ಬಂದ ಮೇಲೆ ಆ ಕಥೆಯನ್ನು ಮೂರು ಕಡೆ ಹೇಳಿದ. ಮೂರನ್ನೂ ಕೇಳಿದವನು ನಾನೊಬ್ಬನೇ. ಒಂದರಂತೆ ಇನ್ನೊಂದಿಲ್ಲ.

ಪ್ರತಿಗಳ ಪರಿಚಯ ಹೀಗಿದೆ. ‘ಸಿ’ ಪ್ರತಿ ಸಿದ್ದಾಪುರದ್ದು. ಮನೆಯ ಜಗಲಿಯ ಮೇಲೆ, ಹಪ್ಪಳಕ್ಕೆಂದು ಹಲಸಿನ ತೊಳೆ ಬಿಡಿಸುವ ಹೊತ್ತಿನಲ್ಲಿ ಸಿಕ್ಕಿದ್ದು. ಕೇಳುಗರು ಅಜ್ಜ, ಆಯಿ, ಆಚೆಮನೆಯ ಇಬ್ಬರು. ಮೇಣ ತಾಗಿ ಕೆಲವು ವಾಕ್ಯಗಳು ಒಂದಕ್ಕೊಂದು ಅಂಟಿಕೊಂಡಿವೆ. ಆಯಿ ಎಣ್ಣೆ ತರಲು ಒಳಗೆ ಹೋದಲ್ಲಿ ಗ್ರಂಥಪಾತವೂ ಇದೆ. ‘ಶಿ’ ಪ್ರತಿ ಶಿರಸಿಯ ನನ್ನ ಮನೆಯಲ್ಲಿ, ಎರಡು ಲೋಟ ಚಹಾದ ನಡುವೆ ದೊರೆತದ್ದು. ಅಚ್ಚುಕಟ್ಟಾಗಿದೆ, ಆದ್ದರಿಂದಲೇ ಅನುಮಾನಾಸ್ಪದ. ‘ಯ’ ಪ್ರತಿ ಯಲ್ಲಾಪುರದ ಮದುವೆಮನೆಯೊಂದರ ಅಟ್ಟದ ಮೇಲೆ, ದೀಪ ಆರಿಸಿದ ಮೇಲೆ, ಓರಗೆಯವರ ನಡುವೆ ಹೇಳಿದ್ದು. ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಮಾವನಿಗೆ ನಿದ್ದೆ ಬಂದಿದೆ ಎಂದು ಅವರೆಲ್ಲ ಭಾವಿಸಿದ್ದರು. ಸಂಶೋಧಕನಿಗೆ ನಿದ್ದೆಯೆಲ್ಲಿ?

ಮೊದಲು ಶೀರ್ಷಿಕೆಯ ಸಮಸ್ಯೆ. ‘ಬೋರ್ಡೋಕ್ಕೆ ಹೋಗಿದ್ದೆ’ ಎಂಬ ಮೊದಲ ವಾಕ್ಯಕ್ಕೇ ‘ಸಿ’ ಪ್ರತಿಯಲ್ಲಿ ಅಜ್ಜ ತಡೆಹಾಕಿದ್ದಾರೆ. “ಬೋರ್ಡೋಕ್ಕಾ? ಮದ್ದಿನ ಫ್ಯಾಕ್ಟರಿಗಾ ತಮಾ?” ಇದರಲ್ಲಿ ಅಜ್ಜನ ತಪ್ಪೇನೂ ಇಲ್ಲ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್: ಇದು ಬೋರ್ಡೋ. ಅಡಿಕೆಗೆ ಕೊಳೆ ಬಾರದಂತೆ ಮಳೆಗಾಲಕ್ಕೆ ಹೊಡೆಯುವ ಮದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಲಂಡನ್ನಿಗಿಂತ, ಪ್ಯಾರಿಸ್ಸಿಗಿಂತ ಹೆಚ್ಚು ಬಾಯಿಗೆ ಬರುವ ವಿದೇಶೀ ಪಟ್ಟಣದ ಹೆಸರು ಇದೊಂದೇ. ಅದು ಪಟ್ಟಣವೆಂಬುದು ಮಾತ್ರ ಅವರಿಗೆ ಬೇಕಾಗಿರಲಿಲ್ಲ. ಆಚೆಮನೆಯವರು ಅಲ್ಲೇ ನಿರುಕ್ತವನ್ನೂ ಕೊಟ್ಟರು: ಕೊನೆ ಬೋಳಾಗದಂತೆ ಕಾಯುವುದರಿಂದ ಬೋಳ್ದೋ, ಅದೇ ಸವೆದು ಬೋರ್ಡೋ. ನಗಬೇಡಿ. ಫ್ರೆಂಚರಲ್ಲೂ ಆ ಹೆಸರನ್ನು ‘ನೀರಿನ ದಂಡೆ’ ಎಂಬರ್ಥದ ‘ಬೋರ್ ದ ಲೋ’ದಿಂದ ಬಿಡಿಸುವ ಜನಪದ ನಿರುಕ್ತವಿದೆ. ಎರಡರಲ್ಲಿ ನಮ್ಮದಕ್ಕೆ ಕನಿಷ್ಠ ಬೆಳೆಯ ಸಂಬಂಧವಾದರೂ ಉಂಟು.

ಮದ್ದು ಹುಟ್ಟಿದ ಕಥೆಯನ್ನು ಮೂರೂ ಪ್ರತಿಗಳು ಒಂದೇ ರೀತಿ ಹೇಳುತ್ತವೆ, ಆದ್ದರಿಂದ ಅದು ಮೂಲದ್ದೆಂದು ಹಿಡಿಯಬಹುದು. ಬೋರ್ಡೋದ ಉತ್ತರಕ್ಕಿರುವ ಮೆಡೋಕ್ ಸೀಮೆಯ ದ್ರಾಕ್ಷಿ ರೈತರಿಗೆ ದಾರಿಹೋಕರ ಕಾಟ. ಕೈಗೆ ಸಿಕ್ಕ ಗೊಂಚಲನ್ನು ಕಿತ್ತು ಬಾಯಿಗೆ ಹಾಕಿಕೊಂಡು ಹೋಗುವವರು. ವಿಷದಂತೆ ಕಾಣಲಿ ಎಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿ ಎರಚಿದರು. 1882ರಲ್ಲಿ ಬೋರ್ಡೋದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲಾರ್ಡೆ ಆ ದಾರಿಯಲ್ಲಿ ಬಂದಾಗ ಒಳಗಿನ ಬಳ್ಳಿಗಳಿಗೆಲ್ಲ ಬೂಜುರೋಗ ಬಂದು ಎಲೆ ಉದುರಿತ್ತು. ರಸ್ತೆ ಪಕ್ಕದವು ಹಸಿರಾಗಿದ್ದವು. ಆತ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅಂದರೆ ಕಳ್ಳರಿಗೆ ಹೆದರಿ ಮಾಡಿದ್ದು ರೋಗಕ್ಕೆ ತಾಗಿತು. ದ್ರಾಕ್ಷಿಯ ಆ ಬೂಜು, ನಮ್ಮ ಅಡಿಕೆಯ ಕೊಳೆ, ಎರಡರ ರೋಗಾಣುಗಳೂ ಒಂದೇ ಕುಲದ ದಾಯಾದಿಗಳು ಎಂಬುದು ವಿಜ್ಞಾನಿಗಳ ಮಾತು. 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ಮದ್ದನ್ನು ಅಡಿಕೆಗೆ ಹೊಡೆಸಿದರು. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಆದರೆ ಕೊಳೆಗೆ ಸರಹದ್ದಿಲ್ಲವಷ್ಟೆ.

ಫ್ರೆಂಚಿನಲ್ಲಿ ಈ ಮದ್ದಿನ ಹೆಸರು ‘ಬೂಯಿ ಬೋರ್ಡಲೇಸ್’. ‘ಬೂಯಿ’ ಎಂದರೆ ಗಂಜಿ. ಇದನ್ನು ಕೇಳಿ ಆಯಿಗೆ ಆ ದೇಶದ ಅಡುಗೆಯ ಬಗ್ಗೆ ಇದ್ದ ಅಭಿಪ್ರಾಯ ಗಟ್ಟಿಯಾಯಿತು. ಯಾತ್ರಿಕ ಅಲ್ಲಿ ಗಿಡದಂಗಡಿಯೊಂದರಲ್ಲಿ ಗಂಜಿಯ ನೀಲಿ ಪೊಟ್ಟಣದ ಫೋಟೋ ತೆಗೆದು ತಂದಿದ್ದ. ನಾಲ್ಕು ದಿನದ ನೂರಾರು ಫೋಟೋಗಳಲ್ಲಿ ಅಜ್ಜ ಕನ್ನಡಕ ಹಾಕಿಕೊಂಡು ನೋಡಿದ್ದು ಅದೊಂದನ್ನೇ. ದರ ಕೇಳಿದರು. ಹೇಳಿದ ಮೇಲೆ ಕನ್ನಡಕ ತೆಗೆದಿಟ್ಟರು.

ದರ ಕೇಳುವುದನ್ನು ಹಳ್ಳಿಗರ ಸಣ್ಣತನ ಎನ್ನುವವರು 1801ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಆಗ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರಕಾರದ ವೈದ್ಯ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಯ ದಾರಿಯಲ್ಲಿ ಬಂದ. ಪರದೇಶದ ಯಾತ್ರಿಕ. ಕಾಡು ನೋಡಿ ಕವಿತೆ ಬರೆದನೆ? ಇಲ್ಲ. ಅಡಿಕೆ ತೋಟಕ್ಕೆ ಹೊಕ್ಕು ಗೊಬ್ಬರ ಎಷ್ಟು, ಫಸಲು ಎಷ್ಟು, ತೆರಿಗೆ ಎಷ್ಟು ಎಂದು ಕೇಳಿ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟದ ಗ್ರಂಥದ ಭಾಗವಾಗಿ ಅಚ್ಚಾಯಿತು. ಅವನು ಕೇಳಿದರೆ ಗ್ರಂಥ, ನಮ್ಮ ಅಜ್ಜ ಕೇಳಿದರೆ ಸಣ್ಣತನ. ಇರಲಿ.

ಇನ್ನು ಪಟ್ಟಣದ ವರ್ಣನೆ. ಪ್ಯಾರಿಸ್ಸಿನಿಂದ ಅಲ್ಲಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ರೈಲು ಎರಡು ತಾಸು ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಅಷ್ಟು ಹೊತ್ತಿನಲ್ಲಿ ಶಿರಸಿಯಿಂದ ಹೊರಟ ಬಸ್ಸು ಹುಬ್ಬಳ್ಳಿ ಕಂಡರೆ ಪುಣ್ಯ. ಈ ಭಾಗ ‘ಯ’ ಪ್ರತಿಯಲ್ಲಿ ಇಲ್ಲವೇ ಇಲ್ಲ. ಪ್ರಕ್ಷಿಪ್ತವೆಂದು ಬಿಟ್ಟರೋ ಎಂದು ಮೊದಲು ಶಂಕಿಸಿದ್ದೆ. ಆಮೇಲೆ ಹೊಳೆಯಿತು: ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತು ಬಂತು, ನಾಳೆ ಬಂತು ಎಂದು ಕೇಳುತ್ತಲೇ ಮೀಸೆ ಬಂದವರ ಎದುರು ರೈಲಿನ ಮಾತು ತೆಗೆಯುವುದು ಕರ್ತೃವಿಗೇ ಸರಿಕಾಣಲಿಲ್ಲ.

ಟ್ರಾಮಿಗೆ ಮಾತ್ರ ‘ಸಿ’ ಪ್ರತಿಯಲ್ಲಿ ಮೆಚ್ಚುಗೆ ಸಿಕ್ಕಿದೆ. 2003ರಿಂದ ಅಲ್ಲಿಯ ಹಳೇ ಪೇಟೆಯಲ್ಲಿ ತಲೆಯ ಮೇಲೆ ತಂತಿಯಿಲ್ಲದೆ ಟ್ರಾಮು ಓಡುತ್ತದೆ. ಹಳಿಗಳ ನಡುವೆ ಹುಗಿದ ಪಟ್ಟಿಯಲ್ಲಿ, ಬಂಡಿ ಮೇಲೆ ಬಂದಷ್ಟು ಹೊತ್ತು ಮಾತ್ರ ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗಿ ನಾಲ್ಕು ರಾತ್ರಿ ಚಿಮಣಿ ಬೆಳಕಿನಲ್ಲಿ ಉಂಡವರಿಗೆ, ಬೀಳಲು ತಂತಿಯೇ ಇಲ್ಲದ ಊರು ಸ್ವರ್ಗದಂತೆ ಕಂಡದ್ದು ಸಹಜ.

ಆದರೆ ಆ ಊರಿನ ಹೆಮ್ಮೆಯೆಂದರೆ ನೀರಿನ ಕನ್ನಡಿ. ಗರೋನ್ ಹೊಳೆಯ ದಂಡೆಯಲ್ಲಿ, ಹಳೆಯ ಅರಮನೆಯಂಥ ಕಟ್ಟಡಗಳ ಎದುರು, 2006ರಲ್ಲಿ ಮಾಡಿದ್ದು. 3,450 ಚದರ ಮೀಟರ್ ಕರಿಕಲ್ಲಿನ ಹಾಸು, ಅದರ ಮೇಲೆ ಎರಡು ಸೆಂಟಿಮೀಟರ್ ನೀರು, ನಡುನಡುವೆ ಮಂಜು. ಕಟ್ಟಡಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ, ಮಕ್ಕಳು ಓಡಾಡುತ್ತಾರೆ, ಲೋಕದ ಜನ ಬಂದು ನೋಡುತ್ತಾರೆ. ಸಿದ್ದಾಪುರದ ಜಗಲಿಯಲ್ಲಿ ಇದಕ್ಕೆ ಮೌನ. ಜೋಗ ಪಕ್ಕದಲ್ಲೇ ಇದೆ. ಶರಾವತಿ 253 ಮೀಟರ್ ಬೀಳುವಲ್ಲಿ ಹುಟ್ಟಿಬೆಳೆದವರು ಎರಡು ಸೆಂಟಿಮೀಟರಿಗೆ ಏನು ಹೇಳಬೇಕು? ಕಡೆಗೆ ಅಜ್ಜ, “ಆಷಾಢದಲ್ಲಿ ಯಂಗಳ ಅಂಗಳದಲ್ಲಿ ಅದಕ್ಕಿಂತ ಜಾಸ್ತಿ ನಿಲ್ತು” ಎಂದರು. ಆಚೆಮನೆಯವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು: ಮೂವತ್ನಾಲ್ಕು ಗುಂಟೆ, ಒಂಬತ್ತು ಅಡಿಗೊಂದರಂತೆ ಸುಮಾರು 450 ಮರ. ಅಷ್ಟು ಜಾಗ, ಅಷ್ಟು ನೀರು, ಒಂದು ಅಡಿಕೆ ಸಸಿಯಿಲ್ಲ.

‘ಶಿ’ ಪ್ರತಿಯ ಸ್ವಂತ ಕೊಡುಗೆ ದರ್ಜೆಗಳ ವಿಚಾರ. ಶಿರಸಿಯಲ್ಲಿ ಕೂತವರಿಗೆ ಅಡಿಕೆ ಟೆಂಡರಿನ ಗಾಳಿ ತಾಗದೆ ಇರುವುದಿಲ್ಲ. 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಮೂರನೆಯ ನೆಪೋಲಿಯನ್ ಪಟ್ಟಿ ಕೇಳಿದಾಗ, ಬೋರ್ಡೋದ ದಲಾಲರು ಕೆಂಪು ವೈನಿನ ತೋಟಗಳನ್ನು ಐದು ದರ್ಜೆ ಮಾಡಿದರು. ರುಚಿ ನೋಡಿ ಮಾಡಿದ್ದಲ್ಲ, ಬಹುಕಾಲದಿಂದ ಯಾವುದಕ್ಕೆ ಎಷ್ಟು ದರ ಬರುತ್ತಿತ್ತು ಎಂಬುದನ್ನು ನೋಡಿ. ಆ ಪಟ್ಟಿಯೇ ಇವತ್ತಿಗೂ ನಡೆಯುತ್ತಿದೆ. 1973ರಲ್ಲಿ ಮೂಟೋನ್ ಎಂಬ ಒಂದು ತೋಟಕ್ಕೆ ಎರಡರಿಂದ ಒಂದಕ್ಕೆ ಬಡ್ತಿ ಸಿಕ್ಕಿದ್ದೇ ದೊಡ್ಡ ಸುದ್ದಿ. ಅಡಿಕೆಯನ್ನು ಚಾಲಿ, ರಾಶಿ, ಬೆಟ್ಟೆ, ಕೋಕಾ, ಬಿಳಿಗೋಟು, ಕೆಂಪುಗೋಟು ಎಂದು ಬಿಡಿಸಿ, ಒಂದೊಂದು ರಾಶಿಗೂ ದಿನದಿನಕ್ಕೆ ಹೊಸ ದರ ಕೇಳುವ ನಮ್ಮ ಪೇಟೆಗೆ ಇದು ಸೋಮಾರಿತನವೆಂದೇ ಕಂಡಿತು. ನೂರೈವತ್ತಕ್ಕೂ ಹೆಚ್ಚು ವರ್ಷ ಒಂದೇ ಟೆಂಡರು!

ತಿಂಡಿಯ ಪ್ರಕರಣದಲ್ಲಿ ಪಾಠ ಬಹಳ ಕೆಟ್ಟಿದೆ. ಆ ಊರಿನ ತಿಂಡಿ ‘ಕಾನ್ಲೆ’. ಸಿದ್ದಾಪುರದವರಿಗೆ ಕಾನ್ಲೆ ಎಂದರೆ ಸಾಗರದ ಹತ್ತಿರದ ಹಳ್ಳಿ, ‘ಕಾನ್ಲೆ ತಿಂದೆ’ ಎಂದರೆ ಅರ್ಥವಾಗುವುದಿಲ್ಲ. ಅದು ತಾಮ್ರದ ಅಚ್ಚಿನಲ್ಲಿ ಬೇಯಿಸಿದ, ಹೊರಗೆ ಕರಿಕು, ಒಳಗೆ ಮೆತ್ತಗಿನ ಸಣ್ಣ ಕೇಕು. ಹಾಕುವುದು ಹಾಲು, ಸಕ್ಕರೆ, ವೆನಿಲ್ಲಾ, ಮೊಟ್ಟೆಯ ಹಳದಿ, ರಮ್. ‘ಸಿ’ ಪ್ರತಿಯಲ್ಲಿ ಹಾಲು, ಸಕ್ಕರೆ ಎರಡೇ ಉಳಿದಿವೆ. ‘ಶಿ’ಯಲ್ಲಿ ಮೊಟ್ಟೆ ಕಾಣಿಸಿಕೊಳ್ಳುತ್ತದೆ. ‘ಯ’ದಲ್ಲಿ ಎಲ್ಲವೂ ಇದೆ, ಎಷ್ಟು ತಿಂದ ಎಂಬ ಸಂಖ್ಯೆ ಸಮೇತ.

ಇಲ್ಲಿಂದ ಮುಂದೆ ಪ್ರಬಂಧದ ಜೀವಾಳಕ್ಕೆ ಬರುತ್ತೇವೆ. ಬೋರ್ಡೋಕ್ಕೆ ಹೋದವನು ವೈನು ಕುಡಿದನೆ?

‘ಸಿ’ ಪ್ರತಿ: “ಅಲ್ಲಿ ದ್ರಾಕ್ಷಿ ಬೆಳೀತ.” ಇಷ್ಟೇ. ವಾಕ್ಯ ಮುಗಿಯುತ್ತಲೇ ಕರ್ತೃ ಹಲಸಿನ ಬೇಳೆ ಆರಿಸಲು ಬಗ್ಗಿದ್ದಾನೆ.

‘ಶಿ’ ಪ್ರತಿ: “ತೋರಿಸ್ತ ಮಾವ. ಬಾಯಿಗೆ ಹಾಕ್ಕಂಡು, ಆಚೆ ಈಚೆ ಹೊರಳಿಸಿ, ಉಗುಳದು.” ಅದಕ್ಕೆಂದೇ ಮೇಜಿನ ಪಕ್ಕದಲ್ಲಿ ಪಾತ್ರೆ ಇಡುತ್ತಾರಂತೆ, ಕೋಟು ಹಾಕಿದ ಪಂಡಿತರು ಮುಖ ಗಂಭೀರ ಮಾಡಿಕೊಂಡು ಅದರೊಳಗೆ ಪಿಚಕ್ಕನೆ ಉಗಿಯುತ್ತಾರಂತೆ. ನಾನು ನನ್ನ ಪೀಕದಾನಿಯನ್ನು ನೋಡಿದೆ. ಲೋಕ ಇಷ್ಟು ಹತ್ತಿರವೇ ಅನ್ನಿಸಿತು.

ಪೂರ್ವಪಕ್ಷದವರು ಹೇಳಬಹುದು: ಮುಕ್ಕಳಿಸಿ ಉಗುಳಿದ್ದು ಪಾನವಲ್ಲ, ಬೆಳಿಗ್ಗೆ ಬಾಯಿ ತೊಳೆದವನನ್ನು ನೀರು ಕುಡಿದ ಎನ್ನುತ್ತೇವೆಯೆ? ಆದ್ದರಿಂದ ಹುಡುಗ ಶುದ್ಧ. ವಾದ ಚೆನ್ನಾಗಿದೆ, ನಮ್ಮ ಸೀಮೆಯಲ್ಲಿ ನಿಲ್ಲುವುದಿಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕಿ ಅರ್ಧ ತಾಸು ಅಗಿದು ಅಂಗಳದ ಮೂಲೆಗೆ ಉಗುಳಿಬಂದವನು ‘ನಾನು ಕವಳ ಹಾಕಲಿಲ್ಲ, ಉಗುಳಿದ್ದೇನೆ’ ಎಂದರೆ ಯಲ್ಲಾಪುರದಿಂದ ಜೋಗದವರೆಗೆ ಒಬ್ಬನಾದರೂ ಒಪ್ಪುತ್ತಾನೆಯೆ? ಉಗುಳುವುದು ಕವಳದ ಅಂಗವೇ ಹೊರತು ಅದರ ನಿಷೇಧವಲ್ಲ. ಹಾಗೆಯೇ ವೈನೂ. ಇದು ಸಿದ್ಧಾಂತ.

ಅಲ್ಲದೆ ‘ಯ’ ಪ್ರತಿ ಇದೆ. ಅದರಲ್ಲಿ ಉಗುಳುವ ಪಾತ್ರೆಯ ವರ್ಣನೆ ಮುಗಿದ ಮೇಲೆ ಕತ್ತಲಲ್ಲಿ ಒಬ್ಬ ಕೇಳುತ್ತಾನೆ, “ನೀ ಉಗುಳಿದ್ಯಾ, ನುಂಗಿದ್ಯಾ?” ಉತ್ತರ ನನಗೆ ಸ್ಪಷ್ಟವಾಗಿ ಕೇಳಲಿಲ್ಲ, ಅಟ್ಟವೆಲ್ಲ ಅಲುಗುವಂತೆ ನಕ್ಕದ್ದು ಕೇಳಿಸಿತು. ಸಂಪಾದಕರ ನಿಯಮವೊಂದಿದೆ: ಸುಲಭ ಪಾಠ, ಕಠಿಣ ಪಾಠ ಎರಡೂ ಇದ್ದರೆ ಕಠಿಣವನ್ನೇ ಮೂಲವೆಂದು ಹಿಡಿಯಬೇಕು, ಲಿಪಿಕಾರರು ಕಠಿಣವನ್ನು ಸುಲಭ ಮಾಡುತ್ತಾರೆಯೇ ವಿನಾ ಸುಲಭವನ್ನು ಕಠಿಣ ಮಾಡುವುದಿಲ್ಲ. ಆಯಿಯ ಎದುರು ಹೇಳಲು ಯಾವುದು ಕಠಿಣ ಎಂಬುದನ್ನು ಓದುಗರೇ ಊಹಿಸಲಿ.

ಪ್ರಬಂಧ ಅಚ್ಚಿಗೆ ಹೋಗುವಷ್ಟರಲ್ಲಿ ನಾಲ್ಕನೆಯ ಪಾಠವೊಂದು ಸಿಕ್ಕಿತು. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ ಒಂದು ಸುತ್ತು ಮದ್ದು ಹೊಡೆಯಬೇಕೆಂದು ಅಕ್ಕನ ಮನೆಯ ತೋಟದ ತಲೆಯಲ್ಲಿ ಪ್ಲಾಸ್ಟಿಕ್ ಡ್ರಮ್ಮು ಇಟ್ಟಿದ್ದರು. ಬೋರ್ಡೋ ನೋಡಿಬಂದವನೇ ಕಲಸಲಿ ಎಂದು ಹುಡುಗನ ಕೈಗೆ ಕೋಲು ಕೊಟ್ಟಾಗಿತ್ತು. ಸುಣ್ಣದ ತಿಳಿಗೆ ಮೈಲುತುತ್ತದ ನೀರು ಸಣ್ಣಗೆ ಬೀಳುತ್ತಿತ್ತು. ಡ್ರಮ್ಮಿನಲ್ಲಿ ಆಕಾಶದ ಬಣ್ಣ ಏಳುತ್ತಿತ್ತು. ಅಜ್ಜ ಸೊಂಟದ ಕತ್ತಿ ತೆಗೆದು, ಅಲಗನ್ನು ಲುಂಗಿಗೆ ಒರೆಸಿ, ಅದರಲ್ಲಿ ಅದ್ದಿದರು. ಮದ್ದು ಸರಿಯಿದ್ದರೆ ಕಬ್ಬಿಣ ಇದ್ದ ಹಾಗೇ ಇರುತ್ತದೆ. ತುತ್ತ ಹೆಚ್ಚಾಗಿ ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದರು. ಅಂಚು ಕೆಂಪಗಿತ್ತು.

“ಸುಣ್ಣ ಸಾಕಾಗ್ತಿಲ್ಲೆ” ಎಂದರು. ಮತ್ತೆ ಕತ್ತಿ ಅದ್ದುತ್ತ, ತಲೆ ಎತ್ತದೆ, “ಅಲ್ಲಿ ಉಗುಳಿದ್ದು ಹೌದನಾ ತಮಾ?” ಎಂದು ಕೇಳಿದರು. ಯಲ್ಲಾಪುರದಿಂದ ಸಿದ್ದಾಪುರಕ್ಕೆ ಸುದ್ದಿ ಬರಲು ರೈಲು ಬೇಕಾಗಿಲ್ಲ.

ಹುಡುಗ ಸುಣ್ಣದ ಚೀಲ ಎಳೆದುಕೊಂಡ. “ಅಜ್ಜಾ, ಎಷ್ಟು ಹಾಕವು?” ಎಂದ.

ನಾಲ್ಕನೆಯ ಪಾಠ ಇಲ್ಲಿಗೆ ತುಂಡಾಗಿದೆ.