ಕೂಸಿಗೂ ಕುಲಾವಿಗೂ ಇರುವ ಕಾಲಾಂತರ: ಒಂದು ಹೆಣಿಗೆಶಾಸ್ತ್ರೀಯ ಮೀಮಾಂಸೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಕನ್ನಡಿಗರು ಆತುರಗಾರರನ್ನು ಗೇಲಿ ಮಾಡಲು ಬಳಸುತ್ತ ಬಂದಿದ್ದಾರೆ. ಶಿಶುವಸ್ತ್ರದ ವಿಷಯದಲ್ಲಿ ನಮಗೆ ದಕ್ಕಿರುವ ಪ್ರಮಾಣವಾಕ್ಯ ಇದೊಂದೇ. ಇದರ ಕರ್ತೃ ಯಾರೇ ಆಗಿರಲಿ, ಗಂಡಸು ಎಂಬುದರಲ್ಲಿ ಪ್ರಸ್ತುತ ಲೇಖಕನಿಗೆ ಸಂದೇಹವಿಲ್ಲ. ಹೆಣಿಗೆಯ ಕಡ್ಡಿ ಹಿಡಿದವನಲ್ಲ ಎಂಬುದರಲ್ಲಂತೂ ಇಲ್ಲವೇ ಇಲ್ಲ. ಹಿಡಿದಿದ್ದರೆ, ಕೂಸು ಹುಟ್ಟಿದ ಮೇಲೆ ಶುರುವಾದ ಕುಲಾವಿ ಆ ಕೂಸಿನ ತಲೆಗೆ ಎಂದೂ ಕೂತಿಲ್ಲವೆಂದು ಆತನಿಗೆ ಗೊತ್ತಿರುತ್ತಿತ್ತು. ಸದರಿ ಗಾದೆಯ ಖಂಡನೆಯೇ ಈ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಸ್ವೆಟರಿಗೆ ಸೀಮಿತ. ಕುಲಾವಿ, ಕಾಲುಚೀಲಗಳು ಅನುಬಂಧಕ್ಕೆ ಸೇರಿದವು, ಅನುಬಂಧವನ್ನು ಬರೆದಿಲ್ಲ.

ಪೂರ್ವಪಕ್ಷಕ್ಕೂ ನ್ಯಾಯ ಸಲ್ಲಬೇಕು. ಹಸುಗೂಸಿಗೆ ಮೊದಲು ಹಾಕುವುದು ಹಳೆಯ ಬಟ್ಟೆಯನ್ನೇ. ಹುಟ್ಟದ ಮಗುವಿಗೆ ಹೊಸದನ್ನು ತಂದಿಟ್ಟರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆ ಎಳೆ ಚರ್ಮಕ್ಕೆ ಹಿತವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಕಟ್ಟಳೆಯನ್ನು ಮುರಿಯುವವರು ಅದನ್ನು ಬೋಧಿಸುವವರೇ. ಸೀಮಂತದ ಎಲೆ ಎತ್ತಿದ ಮಾರನೆಯ ದಿನವೇ ಹಿರಿಯಾಕೆಯ ಕೈಯಲ್ಲಿ ಕಡ್ಡಿಗಳು ಕಾಣಿಸಿಕೊಳ್ಳುತ್ತವೆ. “ಯಾರಿಗತ್ತೆ ಇದು?” ಎಂದು ಸೊಸೆ ಕೇಳಿದರೆ, “ಯಾರಿಗೋ ಕಣಮ್ಮ, ಆಚೆ ಬೀದಿಯೋರು ಕೇಳಿದ್ರು” ಎಂಬ ಉತ್ತರ. ಆಚೆ ಬೀದಿಯಲ್ಲಿ ಮೊಮ್ಮಗು ಹುಟ್ಟಿದ್ದಕ್ಕೆ ದಾಖಲೆಗಳು ಸಿಕ್ಕಿಲ್ಲ. ಬಣ್ಣವೂ ಗುಟ್ಟನ್ನು ಬಿಟ್ಟುಕೊಡುತ್ತದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿರುವ ದೇಶವಿದು. ಆದ್ದರಿಂದ ಹೆರಿಗೆಗೆ ಮೊದಲು ಹೆಣೆದ ಸ್ವೆಟರು ಹಳದಿ, ಬಿಳಿ, ಹೆಚ್ಚೆಂದರೆ ಎಳೆ ಹಸಿರು. ಹಳದಿ ಸ್ವೆಟರು ಕಂಡಲ್ಲೆಲ್ಲ ಗಾದೆಯ ಉಲ್ಲಂಘನೆ ನಡೆದಿದೆಯೆಂದು ಸಂಶೋಧಕರು ಗುರುತು ಹಾಕಿಕೊಳ್ಳತಕ್ಕದ್ದು.

ಇನ್ನು ಗಣಿತ. ಕಡ್ಡಿಗಳನ್ನು ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರಿನಲ್ಲೇ ಕೇಳುವ ರೂಢಿಯಿದೆ. 8ನೇ ನಂಬರಿನದು 4 ಮಿಲಿಮೀಟರ್ ದಪ್ಪ, 10ನೇ ನಂಬರಿನದು 3.25, ನಂಬರು ಏರಿದಷ್ಟೂ ಕಡ್ಡಿ ಸಪೂರ. ಬ್ರಿಟಿಷರು ಹೋದ ಮೇಲೂ ಉಳಿದುಕೊಂಡ ತಲೆಕೆಳಗಿನ ಆಡಳಿತಕ್ರಮಗಳಲ್ಲಿ ಇದೂ ಒಂದು. ನಾಲ್ಕೆಳೆಯ ದಾರವನ್ನು 10ನೇ ನಂಬರಿನ ಕಡ್ಡಿಯಲ್ಲಿ ಹೆಣೆದರೆ 10 ಸೆಂಟಿಮೀಟರಿಗೆ ಸುಮಾರು 28 ಕುಣಿಕೆ, 36 ಸಾಲು ಬರುತ್ತವೆ. ಮಗುವಿನ ಬೆನ್ನಿನ ಭಾಗ 25 ಸೆಂಟಿಮೀಟರ್ ಅಗಲ, 26 ಉದ್ದ ಎಂದಿಟ್ಟುಕೊಳ್ಳೋಣ. ಸಾಲಿಗೆ 70 ಕುಣಿಕೆಯಂತೆ 94 ಸಾಲು, ಒಟ್ಟು 6,580. ಎದೆಯ ಭಾಗಕ್ಕೂ ಅಷ್ಟೇ. ತೋಳುಗಳೆರಡೂ ಸೇರಿ ಐದು ಸಾವಿರದ ಮೇಲೆ. ಕುತ್ತಿಗೆ, ಕಂಕುಳಲ್ಲಿ ಬಿಟ್ಟದ್ದನ್ನು ಕಳೆದರೂ 17 ಸಾವಿರಕ್ಕೆ ಮೋಸವಿಲ್ಲ. ಕುಣಿಕೆಗೊಂದು ನಾಮದಂತೆ ಜಪಿಸಿದ್ದರೆ ವಿಷ್ಣು ಸಹಸ್ರನಾಮ ಹದಿನೇಳು ಸಲ ಮುಗಿಯುತ್ತಿತ್ತು. ಪುಣ್ಯವೂ ಬರುತ್ತಿತ್ತು, ಒಂದು ತೋಳು ಗಿಡ್ಡವೂ ಆಗುತ್ತಿರಲಿಲ್ಲ.

ನಿಮಿಷಕ್ಕೆ 15 ಕುಣಿಕೆಯ ನಿಧಾನದಲ್ಲಿ ಇದು 19 ಗಂಟೆಯ ಕೆಲಸ. ದಿನಕ್ಕೊಂದು ಧಾರಾವಾಹಿಯ ಅರ್ಧ ಗಂಟೆಯನ್ನು ಮೀಸಲಿಟ್ಟರೆ 38 ದಿನ. ಈ ಲೆಕ್ಕದಲ್ಲಿ ಮಗು ಸೇರಿಲ್ಲ. ಮಗು ಸೇರಿತೋ, 38 ದಿನ ನಾಲ್ಕು ತಿಂಗಳಾಗುತ್ತದೆ. ಬಾಣಂತಿಗೆ ಪಥ್ಯ, ಕೂಸಿಗೆ ಎಣ್ಣೆ-ನೀರು, ನೋಡಲು ಬಂದವರಿಗೆ ಕಾಫಿ. ಎದ್ದು ಹೋಗಿ ಬರುವಷ್ಟರಲ್ಲಿ ಉಂಡೆ ಮಂಚದಡಿಗೆ ಉರುಳಿರುತ್ತದೆ, ಎಣಿಕೆ ಮರೆತಿರುತ್ತದೆ, ಹನ್ನೆರಡು ಸಾಲು ಬಿಚ್ಚಬೇಕಾಗುತ್ತದೆ.

ಈಗ ಪ್ರಬಂಧದ ಮೂಲ ಸಿದ್ಧಾಂತಕ್ಕೆ ಬರಬಹುದು. ಹೆಣೆಯುವವರೆಲ್ಲರೂ ಜಾತಿ, ಮತ, ಜಿಲ್ಲೆಯ ಭೇದವಿಲ್ಲದೆ ಪಾಲಿಸುವ ಸೂತ್ರವೊಂದಿದೆ: “ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರ್ಲಿ.” ಇದರಿಂದ ಸ್ವೆಟರಿಗೆ ಮಡಚು, ಹೊಂದು, ಬಿಗಿ ಎಂಬ ಮೂರು ಅವಸ್ಥೆಗಳು ಪ್ರಾಪ್ತವಾಗುತ್ತವೆ. ಸೆಪ್ಟೆಂಬರಿನಲ್ಲಿ ಹುಟ್ಟಿದ ಕೂಸನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿದ್ದದ್ದು ಜನವರಿಯ ಹೊತ್ತಿಗೆ 63 ಆಗಿರುತ್ತದೆ. ಆಗಷ್ಟೇ ಮುಗಿದ ಸ್ವೆಟರು 70 ಸೆಂಟಿಮೀಟರಿನ ಮಗುವಿಗಾಗಿ ಹೆಣೆದದ್ದು. ತೋಳನ್ನು ಎರಡು ಸುತ್ತು ಮಡಚಿ ಹಾಕುತ್ತಾರೆ. ಮಗುವಿನ ಕೈ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಫೆಬ್ರುವರಿಯಲ್ಲೋ ಮಾರ್ಚ್‌ನಲ್ಲೋ ಶಿವರಾತ್ರಿ ಬರುತ್ತದೆ, ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ. ಮಗು 70 ಸೆಂಟಿಮೀಟರ್ ಮುಟ್ಟುವುದು ಎಂಟನೆಯ ತಿಂಗಳಲ್ಲಿ, ಅಂದರೆ ಮೇ ತಿಂಗಳಲ್ಲಿ. ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಆ ಮೂರು ವಾರ ಸ್ವೆಟರು ಮಗುವಿಗೆ ಅಳತೆ ತೆಗೆದಂತೆ ಹೊಂದುತ್ತದೆ. ಮುಂದಿನ ಡಿಸೆಂಬರಿನಲ್ಲಿ ಪೆಟ್ಟಿಗೆಯಿಂದ ತೆಗೆದಾಗ ಮಗು 78 ಆಗಿದೆ, ಹೊಕ್ಕುಳು ಹೊರಗಿದೆ.

ಹೊಂದು ಅವಸ್ಥೆ ಬೇಸಿಗೆಗೇ ಬೀಳುತ್ತದೆ ಎಂಬುದು ಸಿದ್ಧಾಂತ. ಇದರಿಂದ ಪಾರಾಗಲು ಹೆಣಿಗೆಯನ್ನು ಗರ್ಭಧಾರಣೆಗೂ ಮೊದಲು ಶುರು ಮಾಡುವುದೇ ಉಪಾಯ. ಮದುವೆಯ ಮಾತುಕತೆಯ ದಿನ ದಾರ ಕೊಂಡರೆ ಇನ್ನೂ ಕ್ಷೇಮ.

ಸಿದ್ಧಾಂತಕ್ಕೆ ವಿದೇಶೀ ಪುರಾವೆಯೂ ಉಂಟು. ಜರ್ಮನಿಯ ಹ್ಯಾಂಬರ್ಗ್ ವಸ್ತುಸಂಗ್ರಹಾಲಯದಲ್ಲಿ ಮೈಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನ ಹೆಸರಿನಲ್ಲಿರುವ, 1400ರ ಆಸುಪಾಸಿನ ಬುಕ್ಸ್‌ಟೆಹೂಡೆ ಪೂಜಾಪೀಠದ ಚಿತ್ರಫಲಕವಿದೆ. ಅದರಲ್ಲಿ ಮೇರಿ ಮಾತೆ ಹಲವು ಕಡ್ಡಿಗಳನ್ನು ಸುತ್ತ ಹಿಡಿದು, ಹೊಲಿಗೆಯಿಲ್ಲದ ಪುಟ್ಟ ಅಂಗಿಯನ್ನು ಹೆಣೆಯುತ್ತಿದ್ದಾಳೆ. ಶಿಲುಬೆ, ಈಟಿ ಹಿಡಿದು ಬಂದ ದೇವದೂತರ ಬಗ್ಗೆ ಕಲಾವಿಮರ್ಶಕರು ಬರೆದುಕೊಳ್ಳಲಿ. ಹೆಣಿಗೆಶಾಸ್ತ್ರಜ್ಞನ ಕಣ್ಣು ಬೀಳುವುದು ಮಗುವಿನ ಮೇಲೆ. ಬಾಲಯೇಸು ಹುಲ್ಲಿನ ಮೇಲೆ ಒರಗಿದ್ದಾನೆ, ಮುಂದೆ ಪುಸ್ತಕ ತೆರೆದಿದೆ. ಮಗು ಓದುವ ವಯಸ್ಸಿಗೆ ಬಂದಿದೆ, ಅಂಗಿಯ ಕುತ್ತಿಗೆ ಇನ್ನೂ ಮುಗಿದಿಲ್ಲ. ದೇವಮಾತೆಗೇ ಒದಗಿದ ತಡ ನಮ್ಮ ಹಿರಿಯರಿಗೆ ಒದಗಿದರೆ ಆಕ್ಷೇಪಿಸುವ ಅಧಿಕಾರ ಯಾರಿಗಿದೆ?

ದಾರ್ಶನಿಕ ಭಾಗ ಚಿಕ್ಕದು. ಹೆಣಿಗೆಯಲ್ಲಿ ಮೂಲತಃ ಸೀದಾ, ಉಲ್ಟಾ ಎಂಬ ಎರಡೇ ಕುಣಿಕೆ. ಅವು ಎರಡಲ್ಲ, ಒಂದನ್ನೇ ಮುಂದಿನಿಂದ ನೋಡಿದರೆ ಸೀದಾ, ಹಿಂದಿನಿಂದ ನೋಡಿದರೆ ಉಲ್ಟಾ ಎಂಬುದು ಶೃಂಗೇರಿಯ ಪಕ್ಷ. ನೋಡುವವರಿಗೆ ಹಾಗಿರಬಹುದು, ಹೆಣೆಯುವ ಕೈಗೆ ಅವೆರಡೂ ಬೇರೆ, ಎಂದೆಂದಿಗೂ ಬೇರೆ ಎಂಬುದು ಉಡುಪಿಯ ಪಕ್ಷ. ಒಂದು ಸೀದಾ, ಒಂದು ಉಲ್ಟಾ ಹಾಕಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುವ ಮೇಲುಕೋಟೆಯ ಮಾರ್ಗವನ್ನು ಸೊಂಟದ ಅಂಚಿಗೂ ಮುಂಗೈಗೂ ಬಳಸುತ್ತಾರೆ. ಹಿಗ್ಗಿ ಕುಗ್ಗುವ ಗುಣ ಅದಕ್ಕೊಂದಕ್ಕೇ ಇರುವುದು, ಹಾಲು ಕುಡಿದ ಹೊಟ್ಟೆಗೆ ಹಿತವಾದದ್ದೂ ಅದೇ.

ಚಳಿಯ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಯಿತು. ಆಮೇಲೆ ಆ ದಾಖಲೆಯನ್ನು ಯಾವ ಚಳಿಗಾಲವೂ ಮುರಿದಿಲ್ಲ. ಆದರೂ ನಾಡಿನ ಪ್ರತಿ ಅಜ್ಜಿಯೂ ನಾಳೆ ಬೆಳಗ್ಗೆ ಅದೇ 13ನೇ ತಾರೀಖು ಬರಲಿದೆ ಎಂಬ ಸಿದ್ಧತೆಯಲ್ಲಿರುತ್ತಾರೆ. ನವಜಾತ ಶಿಶು ನಮ್ಮಂತೆ ನಡುಗಿ ಬಿಸಿಯಾಗುವುದಿಲ್ಲ. ಹೆಗಲ ಮೂಳೆಗಳ ನಡುವೆ, ಕುತ್ತಿಗೆಯ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಶಾಖ ಮಾಡಿಕೊಳ್ಳುತ್ತದೆ. ದೊಡ್ಡವರು ಹಾಕಿದ್ದಕ್ಕಿಂತ ಒಂದು ಪದರ ಹೆಚ್ಚಿದ್ದರೆ ಸಾಕು, ಕತ್ತಿನ ಹಿಂಭಾಗ ಬೆವತಿದ್ದರೆ ಒಂದನ್ನು ತೆಗೆಯಿರಿ ಎನ್ನುತ್ತಾರೆ ವೈದ್ಯರು. ಅಜ್ಜಿಯ ಪಾಠಾಂತರದಲ್ಲಿ ಒಂದು ಎಂಬಲ್ಲಿ ಮೂರು ಎಂದಿದೆ, ಬೆವರು ಎಂಬಲ್ಲಿ ಶೀತ ಎಂದಿದೆ. ಇಲ್ಲಿ ಮಾತ್ರ ಲೇಖಕ ವೈದ್ಯರ ಕಡೆ.

ಮಗುವಿನ ಅಭಿಪ್ರಾಯ ಎಂಬ ಅಧ್ಯಾಯಕ್ಕೆ ತಲೆಯೇ ವಿಷಯ. ದೊಡ್ಡವರ ತಲೆ ಎತ್ತರದ ಎಂಟನೆಯ ಒಂದು ಭಾಗವಾದರೆ ಹಸುಗೂಸಿನದು ನಾಲ್ಕನೆಯ ಒಂದು ಭಾಗ. ಕುತ್ತಿಗೆಯ ಅಳತೆಗೆ ಹೆಣೆದರೆ ತಲೆ ತೂರದು, ತಲೆಯ ಅಳತೆಗೆ ಹೆಣೆದರೆ ಭುಜ ಹೊರಗೆ. ಭುಜದ ಮೇಲೆ ಮೂರು ಗುಂಡಿ ಇಟ್ಟವರು ಈ ವಿವಾದವನ್ನು ಬಗೆಹರಿಸಿದ್ದಾರೆ. ಇಡದವರ ಮನೆಯಲ್ಲಿ ಬೆಳಗಿನ ಏಳು ಗಂಟೆಗೆ ಮಗು ತನ್ನ ಅಭಿಪ್ರಾಯವನ್ನು ಬೀದಿಗೆಲ್ಲ ಕೇಳುವಂತೆ ಮಂಡಿಸುತ್ತದೆ. ಗುಂಡಿಗಳನ್ನು ಗಟ್ಟಿಯಾಗಿ ಹೊಲಿಯಬೇಕು, ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

ಚಳಿಗಾಲದಲ್ಲಿ ರಸ್ತೆಬದಿಯ ಟಿಬೆಟನ್ನರ ಬಳಿ ಲುಧಿಯಾನದ ಸ್ವೆಟರು ಸಿಗುವಾಗ ಈ ಪಾಡೇಕೆ ಎಂದು ಅರ್ಥಶಾಸ್ತ್ರಜ್ಞರು ಕೇಳಬಹುದು. ಅರ್ಥಶಾಸ್ತ್ರಜ್ಞರಿಗೆ ಮೊಮ್ಮಕ್ಕಳಾದ ಮೇಲೆ ಉತ್ತರಿಸಲಾಗುವುದು.

ದಾರದ ವಿಷಯ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಕುರಿಗೂ ಅದಕ್ಕೂ ಪರಿಚಯವಿಲ್ಲ. ನಮ್ಮದೇ ದಖ್ಖನಿ ಕುರಿಯ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕಂಬಳಿಯಾಗಿ ಅದು ಮಳೆಗೆ ಎದೆಯೊಡ್ಡುತ್ತದೆಯೇ ಹೊರತು ಕೂಸಿನ ಕೆನ್ನೆಗೆ ಆಗಿಬರುವುದಿಲ್ಲ. ಎಳೆ 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ. 19ರ ಒಳಗಿನ ಮೆರಿನೋ ಸಿಕ್ಕಿದರೆ ಉತ್ತಮ, ಬೆಲೆ ಕೇಳಿ ಕೂತುಕೊಳ್ಳಲು ಕುರ್ಚಿಯಿದ್ದರೆ ಇನ್ನೂ ಉತ್ತಮ. ನಿಜವಾದ ಉಣ್ಣೆಗೆ ಒಂದು ವಿಶೇಷ ಸಿದ್ಧಿಯಿದೆ. ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು, ವರ್ಷದ ಮಗುವಿನ ಸ್ವೆಟರು ಮತ್ತೆ ಹಸುಗೂಸಿನದಾಗುತ್ತದೆ. ಸ್ವೆಟರನ್ನು ಕಾಲದಲ್ಲಿ ಹಿಂದಕ್ಕೆ ಕಳಿಸುವ ಮಾರ್ಗ ಇದೊಂದೇ. ಮುಂದಕ್ಕೆ ಕಳಿಸುವ ಮಾರ್ಗವೆಂದರೆ ನೆಂಟರು: ಅಣ್ಣನ ಮಗುವಿನಿಂದ ತಂಗಿಯ ಮಗುವಿಗೆ, ಅಲ್ಲಿಂದ ಅವಳ ನಾದಿನಿಯ ಮಗುವಿಗೆ. ಮೂರನೆಯ ಮನೆಯಲ್ಲಾದರೂ ಮಗುವೂ ಸ್ವೆಟರೂ ಚಳಿಯೂ ಒಂದೇ ತಿಂಗಳಿನಲ್ಲಿ ಸೇರುವುದುಂಟು.

ಆದಕಾರಣ ಬಂಧುಗಳಲ್ಲಿ ವಿನಂತಿ. ನಮ್ಮ ಮನೆಯಿಂದ ಹೊರಟ, ಎಡದೋಳು ಒಂದಿಂಚು ಗಿಡ್ಡವಿರುವ, ಎದೆಯ ಮೇಲೆ ಬಾತುಕೋಳಿಯೆಂದು ಊಹಿಸಬಹುದಾದ ಚಿತ್ರವುಳ್ಳ ಹಳದಿ ಸ್ವೆಟರು ಯಾರ ಬೀರುವಿನಲ್ಲಿದ್ದರೂ ದಯವಿಟ್ಟು ಕಾರ್ತಿಕದೊಳಗೆ ತಲುಪಿಸಿ. ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಹರಡಿ ಒಣಗಿಸಿ ಕಳಿಸಿ. ಗುಂಡಿ ಬಿದ್ದಿದ್ದರೆ ನಾವೇ ಹಾಕಿಕೊಳ್ಳುತ್ತೇವೆ.